ಮೆಟ್ಟಿಲಿಳಿಯದ ನಲವತ್ತಮೂರು ದಿನ

೯ ಜನವರಿ

ಮಾನ್ಯ ಅಳತೆ ಮಾವನವರಿಗೆ,

ಗುರುತಿಲ್ಲದವಳೊಬ್ಬಳು ‘ಮಾವ’ ಎಂದು ಬರೆದಳಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ನಮ್ಮ ಹಳೆಯ ಕಡತದಲ್ಲಿ ನಿಮ್ಮ ವಿಳಾಸದ ಮೇಲೆ ಇರುವುದು ಅದೊಂದೇ ಹೆಸರು.

ಹದಿನೇಳು ವರ್ಷದ ಹಿಂದೆ ನಿಮ್ಮ ಬಂದರಿನಲ್ಲಿ ದೋಣಿ ನಿಲ್ಲುವ ಧಕ್ಕೆಯ ನೀರಿನ ಅಳತೆಯ ಪುಸ್ತಕಗಳನ್ನು ನೀವು ನಮ್ಮ ಮೇಷ್ಟ್ರಿಗೆ ಅಂಚೆಯಲ್ಲಿ ಕಳಿಸಿದ್ದಿರಿ. ಉಬ್ಬರವಿಳಿತದ ಹೊತ್ತನ್ನು ಮುಂಚಿತವಾಗಿ ಹೇಳುವ ಕಂಪ್ಯೂಟರ್ ಪ್ರೋಗ್ರಾಮ್ ಒಂದನ್ನು ಅವರು ಮಾಡಿ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಿಕೊಳ್ಳಲಿ ಎಂದು ಬಿಟ್ಟಿದ್ದರು. ಈಗ ಅವರಿಗೆ ವಯಸ್ಸಾಗಿದೆ. ನಾವು ಐದಾರು ಜನ ಬಿಡುವಿನಲ್ಲಿ ಅದನ್ನು ನೋಡಿಕೊಳ್ಳುತ್ತೇವೆ. ಬಿಡುವು ಎನ್ನುವುದು ಮಾತಿಗೆ. ನನಗೆ ಏಳು ತಿಂಗಳ ಮಗುವಿದೆ. ಕೀಲಿಮಣೆಯ ಸದ್ದಿಗೆ ಎದ್ದುಬಿಡುತ್ತಾಳೆ, ಪೆನ್ನಿನ ಸದ್ದಿಗೆ ಏಳುವುದಿಲ್ಲ. ಹಾಗಾಗಿ ಅಂಚೆ ವಿಳಾಸ ಮಾತ್ರ ಇರುವ ಮೂವತ್ತೊಂದು ಜನರಿಗೆ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಏಪ್ರಿಲ್ ಹನ್ನೆರಡಕ್ಕೆ ಪ್ರೋಗ್ರಾಮಿನ ಹೊಸ ಆವೃತ್ತಿ ಬರುತ್ತದೆ. ಈ ಸಲ ಪ್ರತಿ ಬಂದರಿನ ಪುಟದಲ್ಲೂ ಅಲ್ಲಿನ ಅಳತೆ ಕೊಟ್ಟವರ ಹೆಸರು ಹಾಕುತ್ತೇವೆ. ಮೇಷ್ಟ್ರ ಕಟ್ಟಳೆ ಒಂದೇ: ಪ್ರತಿ ಅಂಕಿಯ ಹಿಂದೆ ಒಬ್ಬ ಮನುಷ್ಯ ಇರಬೇಕು, ಆ ಮನುಷ್ಯ ಒಪ್ಪಿ ಸಹಿ ಮಾಡಿರಬೇಕು. ಇಲ್ಲದಿದ್ದರೆ ಆ ಬಂದರು ಪ್ರೋಗ್ರಾಮಿನಲ್ಲಿ ಇರುವುದಿಲ್ಲ. ಹೆಸರು ಮಾತ್ರ ಸರ್ಕಾರಿ ದಾಖಲೆಯದಲ್ಲ, ಧಕ್ಕೆಯ ಜನ ಬಾಯಲ್ಲಿ ಕರೆಯುವುದು. ನಮ್ಮ ಪಟ್ಟಿಯಲ್ಲಿ ಈಗಾಗಲೇ ‘ಬಲೆ ಹೊಲಿಯುವ ದೊಡ್ಡಮ್ಮ’ ಇದ್ದಾರೆ, ‘ಮೂರು ಹಲ್ಲಿನ ಕ್ಯಾಪ್ಟನ್’ ಇದ್ದಾರೆ.

ಒಂದು ಕಾರ್ಡ್ ಇಟ್ಟಿದ್ದೇನೆ. ಸಹಿ ಮಾಡಿ ಕಳಿಸಿದರೆ ಆಯಿತು.

ಪಟ್ಟಿ ನೋಡಿಕೊಳ್ಳುವವಳು


೨೧ ಜನವರಿ

ಪಟ್ಟಿಯವರಿಗೆ ಅಳತೆ ಮಾವ ತಿಳಿಸುವುದು,

ಹೇಳುತ್ತಿರುವವನು ನಾನು, ಬರೆಯುತ್ತಿರುವವಳು ನನ್ನ ಮಗಳು. ನನ್ನ ಕಣ್ಣಿಗೆ ಈಗ ಕಿಟಕಿ ಯಾವುದು ಗೋಡೆ ಯಾವುದು ಎನ್ನುವಷ್ಟು ಮಾತ್ರ ಗೊತ್ತಾಗುತ್ತದೆ. ಸಹಿ ಮಾತ್ರ ನಾನೇ ಮಾಡಿದ್ದೇನೆ. ಗೆರೆಯ ಮೇಲೆ ಬಂದಿಲ್ಲ ಎಂದು ಇವಳು ಹೇಳುತ್ತಾಳೆ. ಅಡ್ಡಿಯಿಲ್ಲ ತಾನೇ.

ಹನ್ನೊಂದು ವರ್ಷ ಆ ಧಕ್ಕೆಯಲ್ಲಿ ಅಳತೆ ಬರೆದೆ. ನೀರಿನಲ್ಲಿ ನಿಂತ ಕೊನೆಯ ಕಂಬಕ್ಕೆ ಅಳತೆಪಟ್ಟಿ ಹೊಡೆದಿತ್ತು. ಬೆಳಗಿನ ಆರರಿಂದ ದಿನಕ್ಕೆ ಆರು ಸಲ ಇಪ್ಪತ್ತೆರಡು ಮೆಟ್ಟಿಲು ಇಳಿದು, ನೀರು ಎಲ್ಲಿಗೆ ಬಂದಿದೆ ಎಂದು ನೋಡಿ, ಹತ್ತಿ ಬಂದು ಪುಸ್ತಕದಲ್ಲಿ ಬರೆಯುವುದು. ಗಾಳಿಯಿರಲಿ, ಜ್ವರವಿರಲಿ, ಒಂದು ದಿನ ತಪ್ಪಿಲ್ಲ. ಬೇಕಾದರೆ ಪುಸ್ತಕ ನೋಡಿಕೊಳ್ಳಿ, ಅಂಕಿ ಬರೆಯುವ ಒಂದು ಮನೆಯೂ ಖಾಲಿಯಿಲ್ಲ.

ಹಡಗುಗಳನ್ನು ಬಂದರಿನೊಳಗೆ ತರುತ್ತಿದ್ದ ಪೈಲಟ್ ನನ್ನ ಗೆಳೆಯ. ಈಗ ನನ್ನ ಹಾಗೆಯೇ ಮನೆಯಲ್ಲಿದ್ದಾನೆ. ಕ್ಷೌರದ ಅಂಗಡಿಯಲ್ಲಿ ಕೂತು ನಿಮ್ಮ ಪ್ರೋಗ್ರಾಮನ್ನು ಫೋನಿನಲ್ಲಿ ನೋಡಿ ದಿನಾ ಎಲ್ಲರಿಗೂ ಗಟ್ಟಿಯಾಗಿ ಹೇಳುತ್ತಾನೆ: ‘ಇವತ್ತು ಮೂರೂಕಾಲಿಗೆ ನೀರು ತಿರುಗುತ್ತೆ, ಅಳತೆ ಮಾವನ ಲೆಕ್ಕ.’ ನಿಮ್ಮ ಪುಟದಲ್ಲಿ ಹೆಸರು ಬಂದ ದಿನ ಅವನಿಗೆ ಮೊದಲು ತಿಳಿಸಬೇಕಂತೆ.

ಅಳತೆ ಮಾವ

(ಅವರು ಹೇಳಿದ್ದು ಇಷ್ಟು. ಬರೆದವಳು.)


೬ ಫೆಬ್ರವರಿ

ಮಾನ್ಯ ಅಳತೆ ಮಾವನವರಿಗೆ,

ಕಾರ್ಡ್ ತಲುಪಿತು. ಆದರೆ ಅದನ್ನು ಹಾಗೇ ಪಟ್ಟಿಗೆ ಸೇರಿಸಲು ನನ್ನ ಕೈಯಲ್ಲಿ ಆಗುತ್ತಿಲ್ಲ. ಕಾರಣ ಬರೆಯುತ್ತೇನೆ.

ನಿಮ್ಮ ಹನ್ನೊಂದು ವರ್ಷದಲ್ಲಿ ಮೊದಲ ಒಂಬತ್ತು ವರ್ಷದ ಅಳತೆಯನ್ನು ಪ್ರೋಗ್ರಾಮ್ ಬಳಸುತ್ತಿಲ್ಲ. ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ಧಕ್ಕೆಯನ್ನು ಕೆಡವಿ ಹೊಸದಾಗಿ ಕಟ್ಟಿದಾಗ ಅಳತೆಪಟ್ಟಿಯನ್ನೂ ಕಿತ್ತು ಬೇರೆ ಎತ್ತರದಲ್ಲಿ ಹೊಡೆದಿದ್ದಾರೆ. ಹಳೆಯ ಪಟ್ಟಿಯ ಸೊನ್ನೆ ಎಲ್ಲಿತ್ತೆಂದು ಯಾರೂ ಬರೆದಿಟ್ಟಿಲ್ಲ. ಹಾಗಾಗಿ ಲೆಕ್ಕಕ್ಕೆ ಸಿಕ್ಕಿದ್ದು ಕೊನೆಯ ಎರಡು ವರ್ಷ ಮಾತ್ರ.

ಆ ಎರಡು ವರ್ಷದ ಅಂಕಿಗಳನ್ನು ಈ ವಾರ ಒಂದೊಂದಾಗಿ ನೋಡಿದೆ. ಮೊದಲ ಮೂರು ತಿಂಗಳು ಎಲ್ಲ ಅಂಕಿಯೂ ಸೊನ್ನೆಗೋ ಐದಕ್ಕೋ ಮುಗಿಯುತ್ತದೆ. ನೂರಾಹತ್ತು, ನೂರಾಹದಿನೈದು, ಹೀಗೆ. ಅಳತೆಪಟ್ಟಿಯಲ್ಲಿ ಐದೈದಕ್ಕೆ ಒಂದರಂತೆ ಇರುವ ದಪ್ಪ ಗೆರೆ ಮಾತ್ರ ನೋಡಿದವರ ಅಳತೆ. ಆಮೇಲೆ ಬೆಳಗ್ಗೆ ಸಂಜೆಯ ಅಂಕಿಗಳು ನೂರಾಹದಿಮೂರು, ನೂರಾಹದಿನೇಳು ಎಂದು ನಿಖರವಾಗುತ್ತವೆ. ಮಧ್ಯಾಹ್ನದವು ಹಾಗೇ ಉಳಿಯುತ್ತವೆ. ಎಂಟನೇ ತಿಂಗಳಿಂದ ದಿನದ ಆರೂ ನಿಖರ. ಒಬ್ಬ ಮನುಷ್ಯ ಬೆಳಗ್ಗೆ ಒಂದು ರೀತಿ, ಮಧ್ಯಾಹ್ನ ಒಂದು ರೀತಿ ಓದುವುದಿಲ್ಲ. ಅಲ್ಲಿ ಇನ್ನೊಬ್ಬರಿದ್ದರು. ಕಡೆಗೆ ಎಲ್ಲವನ್ನೂ ಓದಿದ್ದು ಅವರೇ.

ಅವರು ಯಾರು? ಕೈಕೆಳಗಿನವರ ದುಡಿಮೆ ಮೇಲಿನವರ ಹೆಸರಿಗೆ ಜಮೆಯಾಗುವುದನ್ನು ನಾನು ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ಕಣ್ಣಾರೆ ಕಂಡಿದ್ದೇನೆ. ನನಗೇ ಆಗಿದೆ. ಇಲ್ಲಿ ಅದು ನನ್ನ ಕೈಯಿಂದ ಆಗುವುದು ಬೇಡ. ಅವರ ವಿಳಾಸ ಕೊಟ್ಟರೆ ನಾನೇ ಬರೆಯುತ್ತೇನೆ. ಅವರ ಸಹಿ ಇಲ್ಲದೆ ನಿಮ್ಮ ಬಂದರನ್ನು ಇಟ್ಟುಕೊಳ್ಳಲಾಗದು.

ಮಾತು ಒರಟಾಗಿದ್ದರೆ ಮನ್ನಿಸಿ. ಮಗುವಿಗೆ ಹಲ್ಲು ಬರುತ್ತಿದೆ. ‘ಮಗು ಮಲಗಿದಾಗ ನೀನೂ ಮಲಗಮ್ಮ’ ಅಂತ ಅತ್ತೆ ದಿನಾ ಹೇಳುತ್ತಾರೆ. ನಾನು ಮಲಗುವುದಿಲ್ಲ, ಅವಳ ಉಸಿರು ಎಣಿಸುತ್ತೇನೆ. ಅದು ಸರಿಯಾಗಿದೆ ಅನ್ನಿಸಿದ ಮೇಲೆ ನಿಮ್ಮ ಅಂಕಿಗಳನ್ನು ಎಣಿಸುತ್ತೇನೆ.

ಪಟ್ಟಿಯವಳು


೧೫ ಫೆಬ್ರವರಿ

ಪಟ್ಟಿಯವರಿಗೆ,

ಇನ್ನೊಬ್ಬರು ಯಾರೂ ಇಲ್ಲ. ಅಳತೆ ಓದಿದವನು ನಾನು. ಹಾಕುವುದಾದರೆ ಹಾಕಿ, ಇಲ್ಲದಿದ್ದರೆ ಬಿಡಿ.

ಅಳತೆ ಮಾವ


೧೬ ಫೆಬ್ರವರಿ

ಪಟ್ಟಿಯವರಿಗೆ,

ನಿನ್ನೆಯ ಕಾಗದವನ್ನು ಅಪ್ಪ ಹೇಳಿದರು, ನಾನು ಬರೆದೆ. ಇದನ್ನು ಯಾರೂ ಹೇಳುತ್ತಿಲ್ಲ. ಅಪ್ಪ ಮಧ್ಯಾಹ್ನ ಮಲಗಿದ್ದಾರೆ, ನನಗೆ ಮುಕ್ಕಾಲು ಗಂಟೆ ಇದೆ.

ನಿಮ್ಮ ಕಾಗದವನ್ನು ಪೂರ್ತಿ ಓದಿ ಹೇಳಲಿಲ್ಲ. ಕೈಕೆಳಗಿನವರ ದುಡಿಮೆ ಎಂಬ ಸಾಲನ್ನು ಹಾರಿಸಿದೆ. ಒಂಬತ್ತು ವರ್ಷ ಉಪಯೋಗಕ್ಕಿಲ್ಲ ಎಂಬುದನ್ನು ಹಾರಿಸಲು ಹೊಳೆಯಲಿಲ್ಲ, ಬಾಯಿಂದ ಬಂದುಬಿಟ್ಟಿತು. ಆ ಒಂಬತ್ತು ವರ್ಷ ಅವರ ಕಣ್ಣು ಸರಿಯಿತ್ತು. ಇನ್ನೊಬ್ಬರಿದ್ದರು ಎಂಬಲ್ಲಿಗೆ ಬರುತ್ತಲೇ, ‘ಬಾಗಿಲು ಹಾಕಿಕೊಂಡು ಬಾ’ ಅಂದರು. ಬಂದರಿನ ಆಫೀಸಿನವರು ಹೊರಗೆ ನಿಂತು ಕೇಳಿಸಿಕೊಳ್ಳುತ್ತಾರೇನೋ ಎನ್ನುವ ಹಾಗೆ. ಕೆಲಸ ಬಿಟ್ಟು ಹದಿನೇಳು ವರ್ಷವಾಯಿತು, ಆ ಹೆದರಿಕೆ ಬಿಟ್ಟಿಲ್ಲ.

ಇನ್ನೊಬ್ಬರು ನಾನು. ಹೊಸ ಧಕ್ಕೆ ಆದಾಗ ನನಗೆ ಹನ್ನೊಂದು ವರ್ಷ. ಅವರ ಕಣ್ಣಿಗೆ ಆಗಲೇ ದಪ್ಪ ಗೆರೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆಫೀಸಿಗೆ ಗೊತ್ತಾದರೆ ಕೆಲಸ ಹೋಗುತ್ತಿತ್ತು. ಮೊದಲು ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ ಓದುತ್ತಿದ್ದೆ. ಆಮೇಲೆ ಶಾಲೆಯೇ ನಿಂತಿತು. ಆರನೇ ಕ್ಲಾಸಿಗೆ ನಾನು ಎರಡು ಸಲ ಸೇರಿದೆ, ಎರಡು ಸಲವೂ ಮುಗಿಸಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ಕತ್ತು ಚಾಚಿ ನಿಲ್ಲುತ್ತಿದ್ದೆನಲ್ಲ, ದೋಣಿಯವರು ‘ಏನೇ ಕೊಕ್ಕರೆ, ಎಷ್ಟು ಮೀನು ಸಿಕ್ತು’ ಅನ್ನುತ್ತಿದ್ದರು. ಆ ಮೆಟ್ಟಿಲುಗಳ ಪಾಚಿ ಈಗಲೂ ಅಂಗಾಲಿಗೆ ಅಂಟಿಕೊಂಡ ಹಾಗಿದೆ.

ನನ್ನ ಹೆಸರು ಹಾಕಬೇಡಿ. ನಾಚಿಕೆಗೆ ಹೇಳುತ್ತಿಲ್ಲ. ಕೆಲವು ದಿನ ನಾನು ಇಳಿಯುತ್ತಲೇ ಇರಲಿಲ್ಲ. ಪುಸ್ತಕದಲ್ಲಿ ಹದಿನೈದು ದಿನ ಹಿಂದಕ್ಕೆ ಹೋಗಿ, ಆವತ್ತಿನ ಆರು ಅಂಕಿಗಳನ್ನು ನೋಡಿ ಬರೆದುಬಿಡುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ನೀರು ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಮಟ್ಟಕ್ಕೆ ಬರುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬರೆದು ಬರೆದು ಗೊತ್ತಾಗಿತ್ತು. ಅಪ್ಪ ಮೇಲಿನ ಕೋಣೆಯಲ್ಲಿ ಕೂತು, ‘ಎಷ್ಟಮ್ಮ?’ ಅಂತ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ನಂಬುತ್ತಿದ್ದರು.

ಇದು ಅವರಿಗೆ ಗೊತ್ತಿಲ್ಲ. ಗೊತ್ತಾಗಲೂಬಾರದು. ಒಂದು ದಿನವೂ ತಪ್ಪಿಲ್ಲ ಎನ್ನುವುದನ್ನು ಅವರು ಯಾರು ಮನೆಗೆ ಬಂದರೂ ಹೇಳುತ್ತಾರೆ. ಅವರ ಬಳಿ ಉಳಿದಿರುವುದು ಅದೊಂದೇ.

ಮಗಳು


೨೭ ಫೆಬ್ರವರಿ

ಪ್ರೀತಿಯ ಮಗಳಿಗೆ, (ಹೀಗೆ ಬರೆಯಲು ಸಂಕೋಚ. ನೀವು ನನಗಿಂತ ಒಂದೆರಡು ವರ್ಷ ದೊಡ್ಡವರೇ ಇರಬೇಕು.)

ನಿಮ್ಮ ಕಾಗದವನ್ನು ಬೇಳೆ ಬೇಯುವ ಹೊತ್ತಿನಲ್ಲಿ ನಿಂತುಕೊಂಡೇ ಓದಿದೆ. ಬೇಳೆ ತಳ ಹಿಡಿಯಿತು. ನಾನು ಎಂಥ ಕಾಗದ ಬರೆದಿದ್ದೆ ಎಂದು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಮೇಲಿನವರು, ಕೈಕೆಳಗಿನವರು ಎಂದು ಏನೇನೋ ಕಲ್ಪಿಸಿಕೊಂಡಿದ್ದೆ. ನನ್ನ ಆಫೀಸಿನ ಸಿಟ್ಟನ್ನು ತಂದು ನಿಮ್ಮ ಮನೆಯ ಬಾಗಿಲಿಗೆ ಸುರಿದೆ.

ಅಂಕಿಗಳನ್ನು ಮತ್ತೆ ನೋಡಿದೆ. ಹದಿನೈದು ದಿನದ ಹಿಂದಿನದ್ದೇ ಆರಕ್ಕೆ ಆರೂ ಇರುವ ದಿನಗಳು ನಲವತ್ತಮೂರು. ಅವು ಅಳತೆಯಲ್ಲ, ಹಾಗಾಗಿ ತೆಗೆಯಲೇಬೇಕು. ತೆಗೆದು ಲೆಕ್ಕ ಹಾಕಿದರೆ ನೀರು ತಿರುಗುವ ಹೊತ್ತು ಒಂದು ನಿಮಿಷವೂ ಬದಲಾಗಲಿಲ್ಲ. ನಮ್ಮ ಪ್ರೋಗ್ರಾಮ್ ಮೂವತ್ತೇಳು ಬಗೆಯ ಅಲೆಗಳನ್ನು ಕೂಡಿಸಿ ಹೇಳುವುದನ್ನು ನೀವು ಹನ್ನೊಂದನೇ ವಯಸ್ಸಿನಲ್ಲಿ ಪುಟ ಹಿಂದಕ್ಕೆ ತಿರುವಿ ಹೇಳುತ್ತಿದ್ದಿರಿ. ಮೇಷ್ಟ್ರಿಗೆ ಊರು ಹೇಳದೆ ಇಷ್ಟನ್ನೇ ಹೇಳಿದೆ. ‘ಆ ಮಗುವನ್ನ ಯಾರಾದ್ರೂ ಮುಂದೆ ಓದಿಸಿದ್ರಾ?’ ಅಂದರು. ಕೇಳಿ ಹೇಳುತ್ತೇನೆ ಅಂದೆ.

ಹೆಸರಿನ ವಿಷಯ. ನೀವು ಒಪ್ಪದಿದ್ದರೆ ಬಂದರು ಪ್ರೋಗ್ರಾಮಿನಿಂದ ಹೋಗುತ್ತದೆ. ನಿಮ್ಮ ಕಡೆಯಿಂದ ಪ್ರೋಗ್ರಾಮ್ ನೋಡುವವರು ಯಾರೆಂದು ಹುಡುಕಿದೆ. ಇಳಿತದಲ್ಲಿ ಮರಳದಿಬ್ಬಕ್ಕೆ ನಡೆದುಹೋಗಿ ಚಿಪ್ಪು ಆಯುವ ಹೆಂಗಸರ ಗುಂಪೊಂದು ಎರಡು ಸಲ ನಮಗೆ ಬರೆದಿದೆ. ಎಷ್ಟು ಹೊತ್ತಿಗೆ ವಾಪಸು ಹೊರಡಬೇಕೆಂದು ಅವರು ನಿಮ್ಮ ಅಂಕಿಯನ್ನು ನಂಬಿದ್ದಾರೆ. ನಿಮ್ಮ ಹೆಸರು ಬೇಡವಾದರೆ ‘ಅಳತೆ ಮಾವ ಮತ್ತು ಮಗಳು’ ಅಂತ ಹಾಕುತ್ತೇನೆ. ನಲವತ್ತಮೂರು ದಿನದ ಮಾತನ್ನು ಹೆಸರಿನ ಪುಟದಲ್ಲಿ ನಾನು ಬರೆಯುವುದಿಲ್ಲ. ಮಾತು ಕೊಡುತ್ತೇನೆ.

ಪಟ್ಟಿಯವಳು


೮ ಮಾರ್ಚ್

ಪಟ್ಟಿಯವರಿಗೆ,

ಕಾರ್ಡ್ ಇಟ್ಟಿದ್ದೇನೆ. ನನ್ನ ಸಹಿ ಅದರಲ್ಲಿದೆ. ಓದಿದವಳು ನಾನು ಎಂದು ಅಂಕಿ ನೋಡಿಯೇ ನಿಮಗೆ ಗೊತ್ತಾಯಿತಂತೆ ಎಂದು ಅಪ್ಪನಿಗೆ ಹೇಳಿದೆ. ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು. ಆಮೇಲೆ, ‘ಹಾಕ್ಲಿ ಬಿಡು. ಈಗ ಯಾರು ಬರ್ತಾರೆ ಕೇಳೋಕೆ’ ಅಂದರು. ಊಟ ಮುಗಿಸಿ ಕೈ ತೊಳೆಯುತ್ತಾ, ‘ಮಗಳು ಅನ್ನೋದು ಮೊದಲು ಬರುತ್ತಾ, ಆಮೇಲೆ ಬರುತ್ತಾ’ ಅಂತ ಕೇಳಿದರು. ಆಮೇಲೆ ಅಂದೆ. ‘ಸರಿ’ ಅಂದರು.

ಮೇಷ್ಟ್ರಿಗೆ ಹೇಳಿ, ಓದಿಸಲಿಲ್ಲ. ಹೊಲಿಗೆ ಕಲಿತೆ. ಅಂಗಡಿ ಇದೆ, ನಡೆಯುತ್ತದೆ.

ನೀವು ಮಗುವಿನ ಉಸಿರು ಎಣಿಸುವುದನ್ನು ಬಿಡಿ. ಎಣಿಸಿದರೂ ಬಿಟ್ಟರೂ ಅದು ಬರುತ್ತದೆ, ಹೋಗುತ್ತದೆ.

ಮಗಳು


೨೨ ಮಾರ್ಚ್

ಪಟ್ಟಿಯವರಿಗೆ,

ನೀವು ಮಾತು ಕೊಟ್ಟಿದ್ದಿರಿ.

ಪರೀಕ್ಷೆಗೆಂದು ಬಿಟ್ಟ ಹೊಸ ಆವೃತ್ತಿ ಪೈಲಟ್ ಮಾವನ ಫೋನಿಗೆ ಬಂದಿದೆ. ಹೋದ ಭಾನುವಾರ ಕ್ಷೌರದ ಅಂಗಡಿ ತುಂಬ ಜನ. ಅವರು ಕುರ್ಚಿಯ ಮೇಲೆ ನಿಂತು ಗಟ್ಟಿಯಾಗಿ ಓದಿದ್ದಾರೆ: ‘ಅಳತೆ ಕೊಟ್ಟವರು, ಅಳತೆ ಮಾವ ಮತ್ತು ಮಗಳು.’ ಎಲ್ಲರೂ ಚಪ್ಪಾಳೆ ತಟ್ಟಿದ್ದಾರೆ. ಅದೇ ಉಸಿರಿನಲ್ಲಿ ಕೆಳಗಿನ ಸಾಲನ್ನೂ ಓದಿದ್ದಾರೆ: ‘ಅಳತೆಯಲ್ಲವೆಂದು ಬಿಟ್ಟ ದಿನಗಳು, ನಲವತ್ತಮೂರು.’ ಯಾರೋ ನಕ್ಕು, ‘ಏನ್ ಮಾವ, ಒಂದು ದಿನಾನೂ ತಪ್ಪಿಲ್ಲ ಅಂತಿದ್ದೆ’ ಅಂದರಂತೆ.

ಅಪ್ಪ ಒಬ್ಬರೇ ಗೋಡೆ ಹಿಡಿದುಕೊಂಡು ಮನೆಗೆ ಬಂದರು. ಅರ್ಧ ಮುಖಕ್ಕೆ ಮಾತ್ರ ಕ್ಷೌರ ಆಗಿತ್ತು. ಕೇಳಿದರು. ಹೇಳಿದೆ. ಇನ್ನೇನು ಮಾಡಲಿ. ‘ಯಾವ ಯಾವ ದಿನ?’ ಅಂದರು. ನನಗೆ ನೆನಪಿಲ್ಲ ಅಂದೆ. ಅಷ್ಟೇ. ಇವತ್ತಿಗೆ ಆರು ದಿನ, ಮಾತಿಲ್ಲ. ತಟ್ಟೆ ಇಟ್ಟರೆ ತಿನ್ನುತ್ತಾರೆ. ಮುಖದ ಇನ್ನರ್ಧ ಹಾಗೇ ಇದೆ.

ಮಗಳು


೨೬ ಮಾರ್ಚ್

ಪ್ರೀತಿಯ ಮಗಳಿಗೆ,

ಹೆಸರಿನ ಸಾಲನ್ನು ಬರೆದದ್ದು ನಾನು. ಅದರ ಕೆಳಗಿನ ಸಾಲನ್ನು ಬರೆದದ್ದು ಪ್ರೋಗ್ರಾಮ್. ಯಾವ ದಿನಗಳನ್ನು ಲೆಕ್ಕದಿಂದ ಬಿಟ್ಟರೂ ಅದು ತಾನಾಗಿ ಎಣಿಸಿ ಹೆಸರಿನ ಕೆಳಗೆ ಹಾಕುತ್ತದೆ. ಯಾರೂ ಏನನ್ನೂ ಮುಚ್ಚಿಡಬಾರದೆಂದು ಹಾಗೆ ಮಾಡಿದ್ದು. ಮಾಡಿದವಳು ನಾನೇ. ಬಸುರಿಯಾಗಿದ್ದಾಗ, ತಲೆ ನೆಟ್ಟಗಿದ್ದಾಗ. ಮರೆತುಹೋಯಿತು. ಮೊನ್ನೆ ಮಗುವಿನ ಕಾಲುಚೀಲ ಫ್ರಿಜ್ಜಿನಲ್ಲಿ ಸಿಕ್ಕಿತು. ಅದು ನಗುವ ಮರೆವು. ಇದು ಅಲ್ಲ.

ಆ ಸಾಲನ್ನು ಅಳಿಸಬಲ್ಲೆ. ಅಳಿಸಿದರೆ ಉಳಿದವರ ಬಂದರುಗಳಲ್ಲಿ ಇರುವುದು ನಿಮ್ಮದರಲ್ಲಿ ಮಾತ್ರ ಇರುವುದಿಲ್ಲ. ಮೇಷ್ಟ್ರಿಗೆ ನಾನು ಸುಳ್ಳು ಹೇಳಬೇಕಾಗುತ್ತದೆ. ಬೇಕಾದರೆ ಹೇಳುತ್ತೇನೆ. ಇಲ್ಲವೇ ಬಂದರನ್ನೇ ತೆಗೆಯಬಲ್ಲೆ. ಹನ್ನೆರಡನೇ ತಾರೀಖಿನ ಒಳಗೆ ಯಾವುದೆಂದು ತಿಳಿಸಿ. ನಿಮ್ಮ ಅಪ್ಪ ಹೇಳಿದಂತೆ ಆಗಲಿ.

ಅವರು ಕೇಳಿದ ನಲವತ್ತಮೂರು ತಾರೀಖುಗಳನ್ನು ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ. ಕೊಡಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕೇಳುವ ಹಕ್ಕು ಅವರಿಗಿದೆ ಅನ್ನಿಸಿತು. ನಿದ್ದೆಯಿಲ್ಲದ ತಲೆಯ ಯೋಚನೆ, ತಪ್ಪಿರಲೂಬಹುದು.

ಪಟ್ಟಿಯವಳು


೬ ಏಪ್ರಿಲ್

ಪಟ್ಟಿ ನೋಡಿಕೊಳ್ಳುವ ತಾಯಿಗೆ ಅಳತೆ ಮಾವ ತಿಳಿಸುವುದು,

ಇದನ್ನೂ ಮಗಳೇ ಬರೆಯುತ್ತಿದ್ದಾಳೆ. ಒಂದು ಮಾತೂ ಬಿಡದೆ ಬರೆ ಎಂದಿದ್ದೇನೆ.

ನಿಮ್ಮ ಹಾಳೆಯನ್ನು ಇವಳ ಕೈಯಲ್ಲಿ ಓದಿಸಿದೆ. ಮೂರು ಸಲ ಓದಿಸಿದೆ. ಇವಳಿಗೆ ತಾರೀಖು ಕೇಳಿದರೆ ಏನೂ ನೆನಪಿಲ್ಲ. ನನಗಿದೆ. ಹನ್ನೊಂದು ವರ್ಷ ತಾರೀಖು ಬರೆಸಿದವನ ತಲೆಯಲ್ಲಿ ಅದು ಬಿಟ್ಟು ಇನ್ನೇನಿರುತ್ತದೆ.

ನಾಲ್ಕು ದಿನ ಇವಳಿಗೆ ಜ್ವರ. ‘ಸ್ವಲ್ಪ ತಾನೇ, ಹೋಗಿ ಬಾ’ ಎಂದಿದ್ದೆ. ಎರಡು ದಿನ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಊದಿತ್ತು. ಆಗಲೂ ಅದೇ ಮಾತು. ಒಟ್ಟಿಗೆ ಹನ್ನೊಂದು ದಿನ ಇವೆಯಲ್ಲ, ನವೆಂಬರಿನಲ್ಲಿ, ಅವು ಇವಳ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ದಿನಗಳು. ನಾನು ಅಲ್ಲಿದ್ದೆ. ಇವಳನ್ನು ಧಕ್ಕೆಯ ಕೋಣೆಯಲ್ಲಿ ಒಬ್ಬಳನ್ನೇ ಬಿಟ್ಟು, ಅಳತೆ ಮಾತ್ರ ತಪ್ಪಿಸಬೇಡ ಎಂದು ಹೇಳಿ ಹೋಗಿದ್ದೆ. ಹನ್ನೊಂದು ದಿನ ಆದ ಮೇಲೆ ವಾಪಸು ಬಂದು ಬಾಗಿಲಲ್ಲಿ ನಿಂತು ನಾನು ಮೊದಲು ಕೇಳಿದ್ದು, ‘ಪುಸ್ತಕ ತುಂಬಿದೆಯಾ?’ ಎಂದು. ಇವಳು, ‘ತುಂಬಿದೆ’ ಅಂದಳು. ಅಮ್ಮ ಹೇಗಿದ್ದಾಳೆ ಎಂದು ಇವಳು ಕೇಳಿದ್ದು ಆಮೇಲೆ.

ಉಳಿದ ಇಪ್ಪತ್ತಾರು ದಿನ ಯಾಕೆ ಇಳಿಯಲಿಲ್ಲ ಎಂದು ಕೇಳಿದೆ. ‘ಸುಮ್ಮನೆ, ಬೇಜಾರಾಗಿತ್ತು’ ಅಂದಳು. ಆ ವಯಸ್ಸಿಗೆ ಅಷ್ಟು ಕಾರಣ ಸಾಕು.

ಇಷ್ಟು ದಿನ ನಾನು ಮಾತು ಬಿಟ್ಟಿದ್ದು ಇವಳ ಮೇಲಿನ ಸಿಟ್ಟಿಗೆ ಎಂದು ಇವಳು ತಿಳಿದಿದ್ದಾಳೆ. ಮೊದಲ ದಿನ ಸಿಟ್ಟೇ. ಆಮೇಲೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗಲಿಲ್ಲ. ಇವಳು ಬರೆಯುವುದನ್ನು ನಿಲ್ಲಿಸಿದ್ದಾಳೆ. ಬರೆ ಎನ್ನುತ್ತಿದ್ದೇನೆ.

ಈಗ ನಿಮ್ಮ ಪುಟದ ವಿಷಯ. ಬಂದರನ್ನು ತೆಗೆಯಬೇಡಿ, ದಿಬ್ಬಕ್ಕೆ ಹೋಗುವ ಹೆಂಗಸರು ಏನು ಮಾಡಬೇಕು. ಆ ಸಾಲನ್ನೂ ಅಳಿಸಬೇಡಿ. ನಿಮ್ಮ ಮೇಷ್ಟ್ರ ಕಟ್ಟಳೆ ಸರಿಯಾಗಿದೆ, ಪ್ರತಿ ಅಂಕಿಯ ಹಿಂದೆ ಒಬ್ಬ ಮನುಷ್ಯ ಇರಬೇಕು. ನೀರು ಓದಿದ್ದು ಇವಳು. ಹಾಗಾಗಿ ಮೇಲೆ ಇವಳೊಬ್ಬಳನ್ನೇ ಹಾಕಿ. ‘ಮಗಳು’ ಎಂದು ಬೇಡ, ಯಾರ ಮಗಳು ಎಂದು ಜನ ನನ್ನನ್ನು ಹುಡುಕುತ್ತಾರೆ. ಧಕ್ಕೆಯವರು ಕರೆಯುತ್ತಿದ್ದ ಹೆಸರು ಹಾಕಿ ಅಂದರೆ ಬೇಡವೇ ಬೇಡ ಅನ್ನುತ್ತಾಳೆ. ಅದನ್ನು ನೀವಿಬ್ಬರೇ ತೀರ್ಮಾನ ಮಾಡಿಕೊಳ್ಳಿ.

ನನ್ನ ಮೊದಲ ಕಾರ್ಡನ್ನು ಹರಿದುಹಾಕಿ. ಹೊಸದು ಇಟ್ಟಿದ್ದೇನೆ. ಈ ಸಲ ಇವಳು ಗೆರೆಯ ಮೇಲೆ ನನ್ನ ಬೆರಳು ಹಿಡಿದು ತೋರಿಸಿದಳು, ಸಹಿ ನೆಟ್ಟಗೆ ಬಂದಿದೆಯಂತೆ. ಇಳಿಯಬೇಕಾದ ಕೆಲಸ ಯಾರದ್ದಾಗಿತ್ತೋ ಅವನ ಹೆಸರು ಆ ನಲವತ್ತಮೂರು ದಿನಗಳ ಮುಂದೆ ಬರಲಿ. ಅಂಥ ಸಾಲಿಗೆ ನಿಮ್ಮ ಪ್ರೋಗ್ರಾಮಿನಲ್ಲಿ ಜಾಗವಿಲ್ಲದಿದ್ದರೆ ಜಾಗ ಮಾಡಿ. ಹೀಗೆ ಬರೆಯಿರಿ:

ಇಳಿಯದ ದಿನಗಳು, ನಲವತ್ತಮೂರು. ಇಳಿಯದವನು, ಅಳತೆ ಮಾವ.